ವಿಜಯಪುರದ ಇಂಜಿನಿಯರುಗಳಿಗೆ ಸಾಫ್ಟ್‌ವೇರ್ ಒಂದೇ ಸಾಲದು, ಯಂತ್ರವೂ ಬೇಕು

ಕೈಗಾರಿಕೆ ಅಂದ ಕೂಡಲೇ ನಾವು ಕೇಳುವ ಪ್ರಶ್ನೆ ಎರಡೇ: ಎಷ್ಟು ಕೋಟಿ ಬಂಡವಾಳ, ಎಷ್ಟು ಜನಕ್ಕೆ ಕೆಲಸ? ಮೂರನೆಯ ಪ್ರಶ್ನೆಯೊಂದಿದೆ. ಆ ಕಾರ್ಖಾನೆಯೊಳಗಿನ ಯಂತ್ರವನ್ನು ವಿನ್ಯಾಸ ಮಾಡಿದವರು ಯಾರು? 2023ರಲ್ಲಿ ಕೈಗಾರಿಕಾ ಖಾತೆ ವಹಿಸಿಕೊಂಡ ಎಂ.ಬಿ. ಪಾಟೀಲರು ಬಬಲೇಶ್ವರದ ಶಾಸಕರು. ತಿಕೋಟಾ ಕೂಡ ಅದೇ ಕ್ಷೇತ್ರ. ಹಾಗಾಗಿ ಈ ಪ್ರಶ್ನೆಯನ್ನು ಇಲ್ಲಿಂದಲೇ ಕೇಳೋಣ.

ಪಂಪ್‌ಸೆಟ್ಟಿನ ಶಾಫ್ಟ್‌ನಿಂದ ವಿಮಾನದ ಬಿಡಿಭಾಗದವರೆಗೆ, ಲೋಹವನ್ನು ಕೊರೆದು ರೂಪ ಕೊಡುವ ಯಂತ್ರಗಳಿಗೆ ಮಷೀನ್ ಟೂಲ್ ಅಂತಾರೆ. ಲೇಥ್, ಮಿಲ್ಲಿಂಗ್ ಮಷೀನ್ ಎಲ್ಲ ಇದೇ ಕುಲ. ಅತಿವೇಗದ ಮಾದರಿಗಳಲ್ಲಿ ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು ತಿರುಗಬಲ್ಲದು. ಅಂದ್ರೆ ಸೆಕೆಂಡಿಗೆ 400. ಕಟರ್‌ಗೆ ಎರಡು ಅಲಗಿದ್ದರೆ ಲೋಹಕ್ಕೆ ಸೆಕೆಂಡಿಗೆ 800 ಪೆಟ್ಟು. ಈ ವೇಗಕ್ಕೆ ಇಬ್ಬರು ಶತ್ರುಗಳು.

ಮೊದಲನೆಯದು ನಡುಕ. ಡಾಂಬರಿಲ್ಲದ ರಸ್ತೆಯಲ್ಲಿ ಗಾಡಿಗಳು ಓಡಾಡಿ ಸಾಲುಸಾಲು ಅಲೆ ಮೂಡುತ್ತವಲ್ಲ, ಅವೇ ಅಲೆಗಳು ಮುಂದಿನ ಗಾಡಿಯನ್ನು ಕುಲುಕುತ್ತವೆ. ಇಲ್ಲೂ ಅಷ್ಟೇ: ಒಂದು ಅಲಗು ಲೋಹದ ಮೇಲೆ ಬಿಟ್ಟ ಅಲೆಯ ಮೇಲೆ ಮುಂದಿನ ಅಲಗು ಹಾಯುತ್ತದೆ. ಅಲೆಗೆ ಅಲೆ ಕೂಡಿ ಯಂತ್ರ ಚೀರತೊಡಗುತ್ತದೆ. ಇದೇ ಚ್ಯಾಟರ್. ಸೋಜಿಗ ಏನಂದ್ರೆ, ಕೆಲವೊಮ್ಮೆ ವೇಗ ಏರಿಸಿದರೂ ಅದು ನಿಲ್ಲುತ್ತದೆ. ಯಾವ ವೇಗಕ್ಕೆ ಅನ್ನೋದನ್ನು ಲೆಕ್ಕ ಹಾಕಬೇಕು.

ಎರಡನೆಯದು ಬಿಸಿ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕಾಯಿಸಿ ಕೂರಿಸುವ ಕಮ್ಮಾರನಿಗೆ ಈ ವಿಷಯ ಹೊಸದಲ್ಲ: ಕಾದ ಲೋಹ ಹಿಗ್ಗುತ್ತದೆ. ಒಂದು ಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 0.12 ಮಿ.ಮೀ. ಉದ್ದವಾಗುತ್ತದೆ. 0.01 ಮಿ.ಮೀ. ನಿಖರತೆ ಬೇಕಾದ ಕೆಲಸಕ್ಕೆ ಇದು ಭಾರೀ ತಪ್ಪು.

ಹಿಂದೆ ಯಂತ್ರದ ಮೈಯನ್ನು ಎರಕ ಹೊಯ್ದು, ಓಡಿಸಿ ನೋಡಿ, ನಡುಗಿದರೆ ಮತ್ತೆ ಎರಕ ಹೊಯ್ಯುತ್ತಿದ್ದರು. ಈಗ ಎರಕಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಆ ಮೈಯನ್ನು ಲಕ್ಷಗಟ್ಟಲೆ ಚೂರುಗಳಾಗಿ ವಿಭಜಿಸಿ, ಪ್ರತಿ ಚೂರು ಎಷ್ಟು ಬಾಗುತ್ತದೆ, ಎಷ್ಟು ಕಾಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇದೇ ಸಿಮ್ಯುಲೇಶನ್. ಎಲ್ಲಿ ದಪ್ಪ ಮಾಡಬೇಕು, ಎಲ್ಲಿ ಭಾರ ಇಳಿಸಬೇಕು ಅನ್ನೋದು ಅಲ್ಲೇ ತೀರ್ಮಾನ.

ಆದರೆ ಒಂದು ಗುಟ್ಟಿದೆ. ಉಕ್ಕಿನ ಗುಣ ಪುಸ್ತಕದಲ್ಲಿ ಸಿಗುತ್ತದೆ; ಬೋಲ್ಟ್ ಬಿಗಿದ ಜಾಗ, ಬೇರಿಂಗ್, ಜಾರುಪಟ್ಟಿ ಎಷ್ಟು ನಡುಕವನ್ನು ನುಂಗಿಕೊಳ್ಳುತ್ತವೆ ಅನ್ನೋದು ಸಿಗೋದಿಲ್ಲ. ಅದಕ್ಕೆ ನಿಜವಾದ ಯಂತ್ರವನ್ನು ಸುತ್ತಿಗೆಯಿಂದ ಬಡಿದು, ಸೆನ್ಸರ್ ಇಟ್ಟು ಅಳೆಯಬೇಕು. ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಳ್ಳುತ್ತೇವಲ್ಲ, ಹಾಗೆ. ಅಳತೆಯಿಲ್ಲದ ಸಿಮ್ಯುಲೇಶನ್ ಬರೀ ಬಣ್ಣದ ಚಿತ್ರ. ಸಾಫ್ಟ್‌ವೇರನ್ನು ದುಡ್ಡು ಕೊಟ್ಟು ತರಬಹುದು. ವರ್ಷಗಟ್ಟಲೆ ಕೂಡಿಟ್ಟ ಅಳತೆಗಳನ್ನು ಯಾವ ಕಂಪನಿಯೂ ಮಾರೋದಿಲ್ಲ.

ಇದು ಬರೀ ತಾಂತ್ರಿಕ ಮಾತಲ್ಲ, ರಾಜಕೀಯ. ಜಪಾನಿನ ತೋಷಿಬಾ ಮಷೀನ್ ಕಂಪನಿ ಸೋವಿಯತ್ ಒಕ್ಕೂಟಕ್ಕೆ ಮಿಲ್ಲಿಂಗ್ ಯಂತ್ರ ಮಾರಿದ್ದು 1987ರಲ್ಲಿ ಬಯಲಾದಾಗ ಅಮೆರಿಕ ಕೆಂಡಾಮಂಡಲವಾಯಿತು. ಆ ಯಂತ್ರ ಸಬ್‌ಮರೀನಿನ ಪ್ರೊಪೆಲ್ಲರನ್ನು ಸದ್ದಾಗದಂತೆ ಕೊರೆಯಬಲ್ಲದು ಅನ್ನೋದೇ ಸಿಟ್ಟಿಗೆ ಕಾರಣ. ಇಂದಿಗೂ ಉನ್ನತ ನಿಖರತೆಯ ಯಂತ್ರಗಳ ರಫ್ತಿಗೆ ನಿರ್ಬಂಧಗಳಿವೆ. ಕೊಳ್ಳುವವರು ಸದಾ ಇನ್ನೊಬ್ಬರ ಅನುಮತಿಗೆ ಕಾಯಬೇಕು.

ಕರ್ನಾಟಕ ಈ ಪಾಠವನ್ನು ಬೇಗನೇ ಕಲಿತಿತ್ತು. 1953ರಲ್ಲಿ ಎಚ್‌ಎಂಟಿ, 1962ರಲ್ಲಿ ಮಷೀನ್ ಟೂಲ್ ಸಂಶೋಧನೆಗೆಂದೇ ಇಂದಿನ ಸಿಎಂಟಿಐ, ಎರಡೂ ಬೆಂಗಳೂರಿನಲ್ಲಿ. ಆಮೇಲೆ ಬಂದ ಮಷೀನ್ ಟೂಲ್ ಪಾರ್ಕ್ ತುಮಕೂರಿನ ವಸಂತನರಸಾಪುರದಲ್ಲಿ. ತಿಕೋಟಾದ ದ್ರಾಕ್ಷಿ ಬೆಳೆಗಾರರ ಮಗಳು ಮೆಕ್ಯಾನಿಕಲ್ ಓದಿ ಈ ಕೆಲಸ ಮಾಡಬೇಕೆಂದರೆ ಬೆಂಗಳೂರಿನ ಅಥವಾ ಪುಣೆಯ ಬಸ್ಸು ಹತ್ತಲೇಬೇಕು.

ಬೇಡಿಕೆ ದೊಡ್ಡದೇನಲ್ಲ. ವಿಜಯಪುರದಲ್ಲಿ ಸಿಎಂಟಿಐ ಜೊತೆಗೂಡಿ ಒಂದು ಪರೀಕ್ಷಾ ಕೇಂದ್ರ: ಬಿಚ್ಚಿ ಜೋಡಿಸಬಹುದಾದ ಒಂದು ಯಂತ್ರ, ನಡುಕ ಮತ್ತು ಬಿಸಿ ಅಳೆಯುವ ಉಪಕರಣ, ಊರಿನ ವರ್ಕ್‌ಶಾಪಿನವರಿಗೂ ವಿದ್ಯಾರ್ಥಿಗಳಿಗೂ ತೆರೆದ ಬಾಗಿಲು. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಯಂತ್ರ ಎಷ್ಟು ಹಿಗ್ಗುತ್ತದೆ ಅನ್ನೋ ಅಳತೆಯನ್ನು ಜರ್ಮನಿಯವರು ನಮಗಾಗಿ ಮಾಡಿಕೊಡೋದಿಲ್ಲ. ಅದನ್ನು ಇಲ್ಲೇ ಅಳೆಯಬೇಕು. ಮುಂದಿನ ಸಲ ಬಂಡವಾಳದ ಅಂಕಿ ಕೇಳಿ ಚಪ್ಪಾಳೆ ತಟ್ಟುವ ಮೊದಲು ಆ ಮೂರನೆಯ ಪ್ರಶ್ನೆಯನ್ನೂ ಕೇಳಿ.