ಅಂಗೈ ಮೇಲಿನ ಬೈಕು, ಮಹಾಯುದ್ಧದ ಲೆಕ್ಕ

ಉದ್ದ ಏಳು ಸೆಂಟಿಮೀಟರಿಗೂ ತುಸು ಕಡಿಮೆ. ಅಂಗೈ ಮೇಲಿಟ್ಟರೆ ಇನ್ನೂ ಜಾಗ ಉಳಿಯುತ್ತದೆ. ಆದರೆ ಅದರಲ್ಲಿ ಹ್ಯಾಂಡಲ್ ಇದೆ, ಸೈಡ್‌ಕಾರ್ ಇದೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳವೂ ಇದೆ. ಇದು ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ ಬಿಎಂಡಬ್ಲ್ಯು ಆರ್75 ಬೈಕಿನ ಪ್ಲಾಸ್ಟಿಕ್ ಮಾದರಿ. ಚೌಕಟ್ಟಿಗೆ ಅಂಟಿಕೊಂಡು ಬರುವ ಬಿಡಿಭಾಗಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯುವ ಕೆಲಸ ಕೊಂಡವರದೇ. ಇದನ್ನು ಆಟಿಕೆ ಎಂದರೆ ಹವ್ಯಾಸಿಗಳು ಮುನಿಸಿಕೊಳ್ಳುವುದು ಸಹಜ.

ಈ ಕಿಟ್‌ಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಾಣುವ ಅಂಕಿ 1:35. ಅಂದರೆ ಮೂಲ ವಾಹನಕ್ಕಿಂತ 35 ಪಟ್ಟು ಚಿಕ್ಕದು. 30 ಅಲ್ಲ, 40 ಅಲ್ಲ, 35 ಏಕೆ? ಇದರ ಹಿಂದೆ ಯಾವ ಶಾಸ್ತ್ರವೂ ಇಲ್ಲ. ಜಪಾನಿನ ಶಿಜುವೊಕಾ ನಗರದ ಟಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮೋಟಾರು ಚಾಲಿತ ಮಾದರಿ ತಯಾರಿಸಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ಅಗಲ ಬೇಕಿತ್ತು. ಆ ಅಗಲಕ್ಕೆ ಹೊಂದಿಕೊಂಡು ಬಂದ ಪ್ರಮಾಣವೇ 1:35. ಮುಂದೆ ಬ್ಯಾಟರಿ, ಮೋಟಾರು ಮರೆಗೆ ಸರಿದವು, ಅಂಕಿ ಮಾತ್ರ ಉಳಿಯಿತು. ಇಟಲಿಯ ಇಟಲೇರಿ, ರಷ್ಯಾದ ಜ್ವೆಜ್ದಾ, ಉಕ್ರೇನಿನ ಮಿನಿಆರ್ಟ್ ಕಂಪನಿಗಳೂ ಇದೇ ಪ್ರಮಾಣದಲ್ಲಿ ಸೇನಾ ಬೈಕುಗಳನ್ನು ಹೊರತಂದಿವೆ. ಇದಕ್ಕೂ ಚಿಕ್ಕದು ಬೇಕೆಂದರೆ 1:72 ಇದೆ. ಅದರಲ್ಲಿ ಆರ್75 ಬೈಕಿನ ಉದ್ದ ಕೇವಲ 33 ಮಿಲಿಮೀಟರ್; ಭೂತಗನ್ನಡಿಯಿಲ್ಲದೆ ಕೈ ಹಾಕುವುದು ದುಸ್ಸಾಹಸ.

ಇನ್ನು ಮೂಲ ವಾಹನಗಳ ಕತೆ. ಆರ್75 ಬೈಕಿನಲ್ಲಿ ಹಿಂಬದಿ ಚಕ್ರದ ಜತೆಗೆ ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ ಶಕ್ತಿ ಹರಿಯುತ್ತಿತ್ತು, ರಿವರ್ಸ್ ಗೇರ್ ಕೂಡ ಇತ್ತು. 1941ರಿಂದ 1944ರವರೆಗೆ ತಯಾರಾದದ್ದು 16 ಸಾವಿರಕ್ಕೂ ಅಧಿಕ. ಬ್ರಿಟನ್ನಿನ ಬಿಎಸ್‌ಎ ಎಂ20 ಇಷ್ಟೆಲ್ಲ ಜಂಬದ್ದಲ್ಲ; 496 ಸಿಸಿಯ ಒಂಟಿ ಸಿಲಿಂಡರಿನ ಸಾದಾ ಬೈಕು, ಆದರೆ ತಯಾರಾದ ಸಂಖ್ಯೆ ಲಕ್ಷ ದಾಟಿತು. ಟಾಮಿಯಾ ಇದನ್ನು ಮಿಲಿಟರಿ ಪೊಲೀಸ್ ಬೊಂಬೆಯ ಸಹಿತ ಮಾರುಕಟ್ಟೆಗೆ ತಂದಿದೆ. ರಾಯಲ್ ಎನ್‌ಫೀಲ್ಡ್‌ನ 125 ಸಿಸಿಯ 'ಫ್ಲೈಯಿಂಗ್ ಫ್ಲೀ'ಯಂತೂ ಸುಮಾರು 59 ಕಿಲೋ ತೂಗುತ್ತಿತ್ತು. ಕೊಳವೆಗಳ ಪಂಜರದಲ್ಲಿ ಕೂರಿಸಿ ವಿಮಾನದಿಂದ ಪ್ಯಾರಾಚೂಟ್ ಮೂಲಕ ಇಳಿಬಿಡುತ್ತಿದ್ದರು. 1955ರಲ್ಲಿ ಮದರಾಸಿಗೆ ಬಂದು ನಮ್ಮ ರಸ್ತೆಗಳಲ್ಲಿ ಬುಲೆಟ್ ಸದ್ದು ಎಬ್ಬಿಸಿದ್ದೂ ಇದೇ ಹೆಸರಿನ ಕಂಪನಿ.

ಬೈಕು ಜೋಡಿಸುವವರನ್ನು ಹೆಚ್ಚು ಕಾಡುವುದು ಚಕ್ರದ ಸ್ಪೋಕ್ಸ್. ಮೂಲದಲ್ಲಿ ಕಡ್ಡಿಯ ದಪ್ಪ ನಾಲ್ಕು ಮಿಲಿಮೀಟರ್ ಎಂದುಕೊಳ್ಳೋಣ. 1:35ರಲ್ಲಿ ಅದು ಮಿಲಿಮೀಟರಿನ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ತಯಾರಿಸುವಾಗ ಅಷ್ಟು ಸಣ್ಣ ಎಳೆ ತೆಗೆಯುವುದು ಬಲು ಕಷ್ಟ. ಹಾಗಾಗಿ ಹಳೆಯ ಕಿಟ್‌ಗಳ ಚಕ್ರ ಎತ್ತಿನಗಾಡಿಯದರಂತೆ ಕಾಣುತ್ತದೆ. ಇದಕ್ಕೆ ಪರಿಹಾರವಾಗಿ ರಾಸಾಯನಿಕದಿಂದ ಕೊರೆದ ತೆಳು ಹಿತ್ತಾಳೆ ಹಾಳೆಯ ಸ್ಪೋಕ್ಸ್‌ಗಳು ಬಂದಿವೆ. ನೋಟಕ್ಕೆ ಚೆನ್ನ, ಬಗ್ಗಿದರೆ ಮತ್ತೆ ನೆಟ್ಟಗಾಗುವುದು ಅಪರೂಪ.

ಸವಾರನದು ಬೇರೆಯೇ ತಾಪತ್ರಯ. ತಲೆ, ಮುಂಡ, ಕೈಕಾಲುಗಳು ಬಿಡಿಬಿಡಿಯಾಗಿ ಬರುತ್ತವೆ. ಮೊದಲು ಅಂಟಿಲ್ಲದೆ ಸೀಟಿನ ಮೇಲೆ ಕೂರಿಸಿ, ಬೆರಳುಗಳು ಹ್ಯಾಂಡಲನ್ನು ಹಿಡಿದಿವೆಯೇ ಎಂದು ನೋಡಬೇಕು. ಈ ಎಚ್ಚರ ತಪ್ಪಿದರೆ ಸವಾರ ಗಾಳಿಯನ್ನು ಹಿಡಿದು ಹೊರಟಂತಿರುತ್ತಾನೆ. ಆನಂತರದ ಪ್ರಶ್ನೆ ತಲೆಯ ಮೇಲೆ ಏನಿರಬೇಕು ಎಂಬುದು. ಸಣ್ಣ ಪ್ರಶ್ನೆಯಂತೆ ಕಂಡರೂ ಇದರ ಹಿಂದೆ ಸಾವಿನ ಲೆಕ್ಕವಿದೆ.

'ಲಾರೆನ್ಸ್ ಆಫ್ ಅರೇಬಿಯಾ' ಎಂದೇ ಖ್ಯಾತರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಬೈಕಿನಿಂದ ಬಿದ್ದು, ಆರು ದಿನಗಳ ಬಳಿಕ ಕೊನೆಯುಸಿರೆಳೆದರು. ಚಿಕಿತ್ಸೆ ನೀಡಿದ ವೈದ್ಯರ ಪೈಕಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಯುದ್ಧ ಶುರುವಾದ ಮೇಲೆ ಅವರು ಸೇನೆಯ ಪತ್ರವಾಹಕ ಸವಾರರ ತಲೆಗಾಯಗಳನ್ನು ಅಧ್ಯಯನ ಮಾಡಿದರು. 1941ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಹಾಗೂ ಹಿಂಬದಿ ಸವಾರರು 2,279. ಅದಕ್ಕೆ ಹಿಂದಿನ 21 ತಿಂಗಳಲ್ಲಿ ಈ ಸಂಖ್ಯೆ 1,884 ಇತ್ತು. ಶತ್ರುವಿನ ಗುಂಡಿಗಲ್ಲ, ಸ್ವದೇಶದ ರಸ್ತೆಗೆ ಬಲಿಯಾದವರು ಇವರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯನಿರತ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಬ್ರಿಟನ್ನಿನ ನಾಗರಿಕ ಸವಾರರಿಗೆ ಆ ಕಾನೂನು ತಲುಪಲು 1973 ಆಗಬೇಕಾಯಿತು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದು ಎದ್ದ ಗೊಣಗಾಟವನ್ನು ಓದುಗರು ಮರೆತಿರಲಾರರು.

ಆದ್ದರಿಂದ 1940ರ ಬ್ರಿಟಿಷ್ ಸವಾರನಿಗೆ ಬಟ್ಟೆಯ ಟೋಪಿ ತೊಡಿಸಿದರೆ ಒಪ್ಪಬಹುದು. 1943ರ ಸವಾರ ಅದೇ ಟೋಪಿಯಲ್ಲಿ ಡ್ಯೂಟಿಗೆ ಹೊರಟರೆ ತಿಳಿದವರು ಹುಬ್ಬೇರಿಸುತ್ತಾರೆ.

ಬಣ್ಣಕ್ಕೂ ಇಂಥದೇ ಗಡುವುಗಳಿವೆ. ಜರ್ಮನ್ ವಾಹನಗಳ ಮೂಲ ಬಣ್ಣ ಕಡುಬೂದು ಇದ್ದದ್ದು, 1943ರ ಫೆಬ್ರವರಿಯ ಆದೇಶದೊಂದಿಗೆ ಕಡುಹಳದಿಯಾಯಿತು. ಅಮೆರಿಕದ ಹಾರ್ಲೆ ಡೇವಿಡ್ಸನ್ ಡಬ್ಲ್ಯುಎಲ್‌ಎಗೆ ಮಾಸಲು ಆಲಿವ್ ಹಸಿರು ಬಳಿದರೆ ಸಾಕು. ನಾಜಿ ಲಾಂಛನದ ಸಾರ್ವಜನಿಕ ಪ್ರದರ್ಶನಕ್ಕೆ ಜರ್ಮನಿಯಲ್ಲಿ ಕಾನೂನಿನ ತಡೆಯಿದೆ. ಬೈಕು ಕಟ್ಟುವವರಿಗೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ನೀರಿನಲ್ಲಿ ನೆನೆಸಿ ಮುಂಬದಿಯ ಮಡ್‌ಗಾರ್ಡಿಗೆ ಅಂಟಿಸುವ ನಂಬರ್ ಪ್ಲೇಟ್ ಚೀಟಿಯ ಮೇಲೆ ಭೂಸೇನೆಯ ಗುರುತಾದ 'ಡಬ್ಲ್ಯುಎಚ್' ಅಕ್ಷರಗಳು ನೆಟ್ಟಗೆ ಕೂತರೆ ಕೆಲಸ ಮುಗಿದಂತೆ.