ಸಣ್ಣ ಇಂಜಿನುಗಳಿಗೆ ಬರುವ ಪರದೇಶದ ಬಿಡಿಭಾಗಗಳ ಗುಣಾಗುಣ

ಕಲಬುರಗಿಯಿಂದ ಸೇಡಂ ರಸ್ತೆಯನ್ನು ಹಿಡಿದು ವಿಶ್ವವಿದ್ಯಾಲಯವನ್ನೂ ಶ್ರೀನಿವಾಸ ಸರಡಗಿಯ ವಿಮಾನನಿಲ್ದಾಣವನ್ನೂ ದಾಟಿ ಮಳಖೇಡದ ಕಡೆಗೆ ಹೋಗುವವರಿಗೆ ರಸ್ತೆಯ ಎರಡು ಮಗ್ಗುಲುಗಳಲ್ಲಿಯೂ ಕಪ್ಪುನೆಲದ ತೊಗರಿಯ ಹೊಲಗಳು ಕಾಣಬರುತ್ತವೆ. ಈ ಬೆಳೆಯು ಹೂಬಿಡುವ ಕಾಲದಲ್ಲಿ ಕಾಯಿಕೊರಕದ ಪತಂಗವು ಮೊಗ್ಗು ಹೂಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಹೊರಬಂದ ಹುಳು ಚಿಕ್ಕದಾಗಿರುವಾಗಲೇ ಔಷಧವನ್ನು ಸಿಂಪಡಿಸಿದರೆ ಬೆಳೆ ಉಳಿಯುತ್ತದೆ. ಹುಳುವು ಬಲಿತು ಕಾಯಿಯೊಳಕ್ಕೆ ತಲೆಯನ್ನು ತೂರಿಸಿದ ಮೇಲೆ ಎಷ್ಟು ಎಣ್ಣೆ ಹೊಡೆದರೂ ಕೂಲಿಯೂ ಔಷಧದ ಹಣವೂ ಬಹುಮಟ್ಟಿಗೆ ವ್ಯರ್ಥವೇ ಸರಿ. ಹೀಗೆ ವರ್ಷದ ಉತ್ಪತ್ತಿಯು ಕೆಲವೇ ದಿನಗಳ ಕೆಲಸವನ್ನು ಅವಲಂಬಿಸಿರುವಾಗ, ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪರಣಾ ಯಂತ್ರದ ಇಂಜಿನು ಹೊಲದ ನಡುವೆ ನಿಂತುಹೋದರೆ ಒಕ್ಕಲಿಗನಿಗೆ ಆಗುವ ನಷ್ಟವು ಆ ಇಂಜಿನಿನ ಬೆಲೆಗಿಂತ ಎಷ್ಟೋ ಹೆಚ್ಚಿನದು. ಹಾಗೆ ನಿಲ್ಲುವುದಕ್ಕೆ ಹಲವು ವೇಳೆ ಕಾರಣವಾಗುವುದು ಹಿಂದಿನ ದುರಸ್ತಿಯಲ್ಲಿ ಹಾಕಿಸಿದ ಕಡಿಮೆ ಬೆಲೆಯ ಒಂದು ಬಿಡಿಭಾಗ. ಆದಕಾರಣ ಇಂತಹ ಭಾಗಗಳ ಗುಣಾಗುಣವನ್ನು ತಿಳಿಯುವ ಬಗೆಯನ್ನು ಜಮೀನುದಾರರ ಮತ್ತು ಗ್ರಾಮದ ಮುಖಂಡರ ಅವಗಾಹನೆಗಾಗಿ ಇಲ್ಲಿ ವಿವರಿಸಿದೆ.

ಪರದೇಶದ ಮಾಲು ಎಂಬ ಮಾತಿನ ಅರ್ಥವು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ, ಎಂದರೆ ೧೯೪೮ಕ್ಕೆ ಮುಂಚೆ, ನಮ್ಮ ದೇಶದಲ್ಲಿ ಹೆಸರಾದ ಎಣ್ಣೆಯ ಇಂಜಿನುಗಳು ಇಂಗ್ಲೆಂಡಿನವು: ಡರ್ಸ್ಲಿಯ ಲಿಸ್ಟರ್, ಯೋವಿಲಿನ ಪೆಟ್ಟರ್, ಲಿಂಕನ್ನಿನ ರಸ್ಟನ್. ಆಗ ವಿಲಾಯಿತಿ ಭಾಗವೆಂದರೆ ನಂಬಿಕೆಯ ಭಾಗ, ಇಲ್ಲಿಯೇ ಎರಕಹೊಯ್ದದ್ದೆಂದರೆ ಗತಿಯಿಲ್ಲದಾಗಿನ ಭಾಗ ಎಂಬ ಭಾವನೆಯಿತ್ತು. ೧೯೪೬ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸ್ಥಾಪಿತವಾಯಿತು. ಗುಜರಾತಿನ ರಾಜಕೋಟೆಯ ಕಾರ್ಖಾನೆಗಳು ಲಿಸ್ಟರಿನ ಮಾದರಿಯನ್ನೇ ಅನುಸರಿಸಿ ದಶಕಗಳ ಕಾಲ ಇಂಜಿನುಗಳನ್ನು ಮಾಡಿದವು. ಆ ಹಳೆಯ ಇಂಜಿನು ಭಾರವಾದದ್ದು, ನಿಮಿಷಕ್ಕೆ ೬೦೦ ರಿಂದ ೬೫೦ ಸುತ್ತು ಮಾತ್ರ ತಿರುಗತಕ್ಕದ್ದು. ಅದಕ್ಕೆ ಸ್ವಲ್ಪ ಒರಟಾದ ಭಾಗವನ್ನು ಹಾಕಿದರೂ ಸಹಿಸಿಕೊಂಡು ನಡೆಯುತ್ತಿತ್ತು. ಈಗಿನ ಬೆನ್ನುಯಂತ್ರದ ಎರಡು ಹೊಡೆತದ ಇಂಜಿನು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುತ್ತದೆ. ಅದರ ಪಿಸ್ಟನ್ನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಳೆಯ ಇಂಜಿನನ್ನು ಕಂಡ ಹಿರಿಯರು ಅದೇ ಧೈರ್ಯದಿಂದ ಹೊಸದಕ್ಕೂ ಸಿಕ್ಕಿದ ರಿಂಗನ್ನು ಹಾಕಿಸುವುದುಂಟು. ಹಳೆಯದಕ್ಕೆ ಸಲ್ಲುತ್ತಿದ್ದ ಆ ಪದ್ಧತಿಯು ಇದಕ್ಕೆ ಸಲ್ಲದು.

ಇಂದು ಪರದೇಶದ ಭಾಗವೆಂದರೆ ಬಹುಮಟ್ಟಿಗೆ ಚೀನ ದೇಶದ್ದು. ಆ ದೇಶದ ಚೋಂಗ್‌ಚಿಂಗ್ ನಗರವು ಸಣ್ಣ ಇಂಜಿನುಗಳ ತಯಾರಿಕೆಗೆ ಪ್ರಸಿದ್ಧವಾದದ್ದು. ಲೋನ್ಸಿನ್, ಲಿಫಾನ್, ಝೊಂಗ್‌ಶೆನ್ ಎಂಬ ದೊಡ್ಡ ಕಂಪನಿಗಳು ಅಲ್ಲಿಯವೇ. ಕಳೆ ತೆಗೆಯುವ ಯಂತ್ರಗಳಲ್ಲಿಯೂ ನೀರೆತ್ತುವ ಸಣ್ಣ ಪಂಪುಗಳಲ್ಲಿಯೂ ೧೬೮ ಎಫ್ ಎಂಬ ಗುರುತನ್ನು ಅನೇಕರು ನೋಡಿರಬಹುದು. ಅದರಲ್ಲಿ ಮೊದಲಿನ ೧ ಎಂಬುದು ಒಂದು ಸಿಲಿಂಡರನ್ನೂ, ೬೮ ಎಂಬುದು ಸಿಲಿಂಡರಿನ ಒಳವ್ಯಾಸದ ಮಿಲಿಮೀಟರುಗಳನ್ನೂ, ಎಫ್ ಎಂಬುದು ಗಾಳಿಯಿಂದ ತಂಪಾಗುವುದನ್ನೂ ಸೂಚಿಸುತ್ತದೆ. ಜಪಾನಿನ ಹೊಂಡ ಕಂಪನಿಯ ಜಿ.ಎಕ್ಸ್. ೧೬೦ ಇಂಜಿನಿನ ಒಳವ್ಯಾಸವೂ ೬೮ ಮಿಲಿಮೀಟರೇ. ಅಳತೆಯು ಒಂದೇ ಆದುದರಿಂದ ಒಂದರ ಭಾಗವು ಮತ್ತೊಂದಕ್ಕೆ ಕೂಡುತ್ತದೆ, ಮತ್ತು ಅಂಗಡಿಯವರು ಎಲ್ಲಕ್ಕೂ ಇದೇ ನಡೆಯುತ್ತದೆ ಎಂದು ಹೇಳುವ ಮಾತು ಸುಳ್ಳೇನೂ ಅಲ್ಲ. ಆದರೆ ಕೂಡುವುದು ಬೇರೆ, ಬಾಳುವುದು ಬೇರೆ. ಲೋಹದ ಮಿಶ್ರಣ, ಹದಗೊಳಿಸಿದ ಬಗೆ, ಮೇಲಿನ ಲೇಪ ಇವು ಅಳತೆಗೋಲಿಗೆ ಸಿಕ್ಕತಕ್ಕವಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕುವುದು ಅವಶ್ಯ. ಚೀನದ್ದೆಲ್ಲವೂ ಕೆಟ್ಟದ್ದು ಎಂಬುದು ನಿಜವಲ್ಲ. ಹೊಂಡ ಕಂಪನಿಯೇ ಚೀನದಲ್ಲಿಯೂ ಥಾಯ್ಲೆಂಡಿನಲ್ಲಿಯೂ ತನ್ನ ಇಂಜಿನುಗಳನ್ನು ತಯಾರಿಸಿದೆ. ಬಾಂಗ್ಲಾದೇಶವು ೧೯೮೦ರ ದಶಕದ ಕೊನೆಯಲ್ಲಿ ಆಮದಿನ ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಅಲ್ಲಿಯ ಸಣ್ಣ ರೈತರು ಚೀನದ ಅಗ್ಗದ ಡೀಸೆಲ್ ಇಂಜಿನುಗಳನ್ನು ಬಹುಸಂಖ್ಯೆಯಲ್ಲಿ ಕೊಂಡು ಬೇಸಗೆಯ ಭತ್ತವನ್ನು ಬೆಳೆದರು. ಅವು ಹೆಚ್ಚುಕಾಲ ಬಾಳವೆಂಬುದು ಅವರಿಗೆ ತಿಳಿಯದಿರಲಿಲ್ಲ. ಆದರೆ ಹಗುರವಾದವು, ಅಗ್ಗವಾದವು, ಭಾಗಗಳು ಸಂತೆಯಲ್ಲಿಯೇ ಸಿಕ್ಕತಕ್ಕವು ಎಂಬುದನ್ನು ತೂಗಿನೋಡಿ ಕೊಂಡರು. ಕಾರ್ಖಾನೆಯು ಕೇಳಿದ ಬೆಲೆಗೆ ತಕ್ಕ ದರ್ಜೆಯನ್ನು ಮಾಡಿಕೊಡುತ್ತದೆ. ಎಲ್ಲಕ್ಕಿಂತ ಕಡಿಮೆ ದರ್ಜೆಯನ್ನು ಕೇಳಿ ತರಿಸಿ, ಒಳ್ಳೆಯದೆಂದು ಮಾರುವವರಿಂದಲೇ ತೊಂದರೆ. ಅದಕ್ಕಿಂತಲೂ ಹೀನವಾದದ್ದು ಹೆಸರಾದ ಕಂಪನಿಯ ಡಬ್ಬಿಯನ್ನೂ ಮುದ್ರೆಯನ್ನೂ ಅನುಕರಿಸಿದ ನಕಲಿ ಮಾಲು. ತನ್ನ ಹೆಸರನ್ನೇ ಹೇಳಿಕೊಂಡು ಅರ್ಧ ಬೆಲೆಗೆ ಬರುವ ಭಾಗವು ಪ್ರಾಮಾಣಿಕವಾದದ್ದು. ಪರರ ಹೆಸರನ್ನು ಹೊತ್ತು ಬರುವುದು ಮೋಸ. ಅಂಗಡಿಗಳಲ್ಲಿ ಎರಡನ್ನೂ ಡೂಪ್ಲಿಕೇಟೆಂದೇ ಕರೆಯುವುದರಿಂದ ಈ ಭೇದವು ಮರೆಯಾಗಿದೆ.

ಎಲ್ಲ ಭಾಗಗಳಿಗೂ ಒಂದೇ ನಿಯಮವನ್ನು ಹೇಳಲಾಗದು. ಎಳೆಯುವ ಹಗ್ಗ, ಅದರ ಮುಚ್ಚಳ, ಹಿಡಿ, ಪೆಟ್ರೋಲು ತೊಟ್ಟಿಯ ಬಿರಡೆ, ಹೊಗೆಕೊಳವೆಯ ಕವಚ ಇವುಗಳನ್ನು ಧಾರಾಳವಾಗಿ ಅಗ್ಗದ್ದನ್ನೇ ಕೊಳ್ಳಬಹುದು. ಕೆಟ್ಟರೆ ಅವೇ ಕೆಡುತ್ತವೆ, ಮತ್ತೊಂದನ್ನು ಕೆಡಿಸುವುದಿಲ್ಲ. ಕನೆಕ್ಟಿಂಗ್ ರಾಡಿನ ಸಂಗತಿಯೇ ಬೇರೆ. ಮೇಲೆ ಹೇಳಿದ ೬೮ ಮಿಲಿಮೀಟರಿನ ಇಂಜಿನುಗಳಲ್ಲಿ ಈ ರಾಡು ಅಲ್ಯುಮಿನಿಯಮ್ಮಿನದು. ನಡುವೆ ಬೇರಿಂಗಿಲ್ಲದೆ ನೇರವಾಗಿ ಕ್ರ್ಯಾಂಕಿನ ಮೇಲೆಯೇ ತಿರುಗುತ್ತದೆ. ಅದು ಮುರಿದರೆ ತುಂಡು ಇಂಜಿನಿನ ಗೋಡೆಯನ್ನೇ ಒಡೆದು ಹೊರಬರುವುದುಂಟು. ಕೆಲವು ನೂರು ರೂಪಾಯಿಗಳನ್ನು ಉಳಿಸಹೋಗಿ ಇಡೀ ಇಂಜಿನನ್ನು ಕಳೆದುಕೊಂಡಂತಾಗುತ್ತದೆ.

ಪಿಸ್ಟನ್ನು ಮತ್ತು ರಿಂಗುಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಳ್ಳೆಯ ಪಿಸ್ಟನ್ನಿನ ಅಲ್ಯುಮಿನಿಯಮ್ಮಿನಲ್ಲಿ ನೂರಕ್ಕೆ ಸುಮಾರು ೧೨ ಭಾಗ ಸಿಲಿಕಾನ್ ಸೇರಿರುತ್ತದೆ. ಅದರಿಂದ ಕಾವಿಗೆ ಹಿಗ್ಗುವುದು ಕಡಿಮೆಯಾಗುತ್ತದೆ. ಹಳೆಯ ಪಾತ್ರೆಪಗಡಿಗಳನ್ನು ಕರಗಿಸಿ ಎರಕಹೊಯ್ದ ಪಿಸ್ಟನ್ನು ತಣ್ಣಗಿರುವಾಗ ಸರಿಯಾಗಿಯೇ ಓಡಾಡಿ, ಮಧ್ಯಾಹ್ನದ ಬಿಸಿಲಲ್ಲಿ ಅರ್ಧ ಗಂಟೆ ನಡೆದ ಮೇಲೆ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಂಗಡಿಯ ಮುಂದೆ ಎರಡು ನಿಮಿಷ ಓಡಿಸಿ ತೋರಿಸಿದ್ದನ್ನು ನಂಬತಕ್ಕದ್ದಲ್ಲವೆಂಬುದಕ್ಕೆ ಇದೇ ಕಾರಣ. ರಿಂಗನ್ನು ಪಿಸ್ಟನ್ನಿಗೆ ಹಾಕುವ ಮುಂಚೆ ಬರಿಯ ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ಸಮನಾಗಿ ಒಳಕ್ಕೆ ತಳ್ಳಿ, ಕೆಳಗಿನಿಂದ ದೀಪವನ್ನು ಹಿಡಿದು ನೋಡತಕ್ಕದ್ದು. ರಿಂಗಿನ ಸುತ್ತ ಬೆಳಕು ಸೋರಿದರೆ ಆ ರಿಂಗು ದುಂಡಗಿಲ್ಲವೆಂದೋ ಸಿಲಿಂಡರು ಸವೆದಿದೆಯೆಂದೋ ತಿಳಿಯಬೇಕು. ರಿಂಗಿನ ತುದಿಗಳ ನಡುವಣ ಸಂದು, ವ್ಯಾಸದ ಪ್ರತಿ ೨೫ ಮಿಲಿಮೀಟರಿಗೆ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಂತೆ ಇರಬೇಕು. ೬೮ ಮಿಲಿಮೀಟರಿನ ಸಿಲಿಂಡರಿಗೆ ಹೆಚ್ಚು ಕಡಿಮೆ ಕಾಲು ಮಿಲಿಮೀಟರು. ಸಂದೇ ಇಲ್ಲದಿದ್ದರೆ ಕಾವೇರಿದಾಗ ತುದಿಗಳು ಒಂದಕ್ಕೊಂದು ತಾಗಿ ರಿಂಗು ಮುರಿಯುತ್ತದೆ. ಮತ್ತೊಂದು ಮಾತು: ಸಿಲಿಂಡರಿನ ಒಳಮೈಗೆ ಕ್ರೋಮಿಯಮ್ಮಿನ ಲೇಪವಿದ್ದರೆ ಕ್ರೋಮಿಯಮ್ಮಿನ ರಿಂಗನ್ನು ಹಾಕಕೂಡದು, ಎರಡು ಗಟ್ಟಿ ಮೈಗಳು ಉಜ್ಜಿ ಎರಡೂ ಹಾಳಾಗುತ್ತವೆ. ಹೊಳೆಯುವ ರಿಂಗೇ ಒಳ್ಳೆಯದೆಂಬ ಭಾವನೆಯು ಇಲ್ಲಿ ಮೋಸಮಾಡುತ್ತದೆ.

ಪ್ಲಗ್ಗಿನ ಮೇಲಿನ ಅಕ್ಷರಗಳನ್ನು ಓದದೆ ಕೊಳ್ಳತಕ್ಕದ್ದಲ್ಲ. ಜಿ.ಎಕ್ಸ್. ೧೬೦ ಇಂಜಿನಿಗೆ ಹೇಳಿರುವುದು ಎನ್.ಜಿ.ಕೆ. ಕಂಪನಿಯ ಬಿ.ಪಿ.ಆರ್. ೬ ಇ.ಎಸ್.; ಕಿಡಿಯ ಸಂದು ೦.೭ ರಿಂದ ೦.೮ ಮಿಲಿಮೀಟರು. ಅದರ ಕೊನೆಯ ಭಾಗದ ಇ ಎಂಬ ಅಕ್ಷರವು ಮರೆಯ ಉದ್ದವು ೧೯ ಮಿಲಿಮೀಟರೆಂಬುದನ್ನು ತಿಳಿಸುತ್ತದೆ. ಗಿಡ್ಡ ಮರೆಯ ಪ್ಲಗ್ಗಿಗೆ ಮಾಡಿದ ಬೆನ್ನುಯಂತ್ರಕ್ಕೆ ಇಷ್ಟುದ್ದದ್ದನ್ನು ತಿರುಗಿಸಿ ಕೂಡಿಸಿದರೆ ಅದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ. ನಕಲಿ ಪ್ಲಗ್ಗುಗಳಲ್ಲಿ ಪಿಂಗಾಣಿಯ ಮೇಲಿನ ಮುದ್ರೆಯು ಉಗುರಿನಿಂದ ಕೆರೆದರೆ ಏಳುವುದೂ, ನಡುವಣ ಕಡ್ಡಿಯು ಸರಿಯಾಗಿ ಮಧ್ಯದಲ್ಲಿ ಇಲ್ಲದಿರುವುದೂ ಉಂಟು.

ಹೊಗೆ ಹೊರಡುವ ಕಡೆಯ ವಾಲ್ವನ್ನು ಪರೀಕ್ಷಿಸಲು ಒಂದು ಅಯಸ್ಕಾಂತದ ಚೂರು ಸಾಕು. ಹಳೆಯ ಅಸಲು ವಾಲ್ವಿನ ತಲೆಯು ಅಯಸ್ಕಾಂತಕ್ಕೆ ಹತ್ತದೆ, ಹೊಸದರ ತಲೆಯು ಹತ್ತಿದರೆ, ಎರಡರ ಉಕ್ಕೂ ಬೇರೆಯೆಂಬುದು ನಿಶ್ಚಯ. ಅಂತಹುದು ಕಾವಿಗೆ ಬೇಗನೆ ಸುಡುವ ಸಂಭವವಿದೆ. ಇದಕ್ಕಾಗಿಯೇ ಹಳೆಯ ಭಾಗಗಳನ್ನು ಮಿಸ್ತ್ರಿಯ ಬಳಿ ಬಿಡದೆ ಮನೆಗೆ ತರಬೇಕು.

ಗಾಳಿ ಸೋಸುವ ಫಿಲ್ಟರು ನೋಡುವುದಕ್ಕೆ ಅಲ್ಪವಾದ ವಸ್ತು. ನಮ್ಮ ಕಪ್ಪುನೆಲದ ಧೂಳು ಮಾತ್ರ ಅಲ್ಪವಲ್ಲ. ಫಿಲ್ಟರಿನ ಅಂಚು ಕೂರುವಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಧೂಳು ಒಳಹೊಕ್ಕು ಹೊಸ ರಿಂಗನ್ನು ಅರದಿಂದ ಉಜ್ಜಿದಂತೆ ಸವೆಯಿಸುತ್ತದೆ. ಎರಡು ಹೊಡೆತದ ಇಂಜಿನಿನ ಆಯಿಲ್ ಸೀಲು ಸಹ ಹೀಗೆಯೇ. ಅದು ಸಡಿಲವಾದರೆ ಹೊರಗಿನ ಗಾಳಿ ಸೇರಿ, ಪೆಟ್ರೋಲಿನ ಪ್ರಮಾಣವು ತಗ್ಗಿ, ಇಂಜಿನು ಅತಿಯಾಗಿ ಕಾಯ್ದು ಕಚ್ಚಿಕೊಳ್ಳುತ್ತದೆ. ಆಗ ದೂರು ಬರುವುದು ಪಿಸ್ಟನ್ನಿನ ಮೇಲೆ, ತಪ್ಪು ಸೀಲಿನದು.

ರಬ್ಬರಿನ ಭಾಗಗಳಿಗೆ ಇತ್ತೀಚೆಗೆ ಹೊಸದೊಂದು ಕಷ್ಟ ಒದಗಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಎಂಬ ಮದ್ಯಸಾರವನ್ನು ೨೦೨೨ರ ವೇಳೆಗೆ ನೂರಕ್ಕೆ ೧೦ರಂತೆಯೂ ೨೦೨೫ರಲ್ಲಿ ೨೦ರಂತೆಯೂ ಬೆರೆಸುವ ಮಟ್ಟವನ್ನು ಮುಟ್ಟಲಾಯಿತು. ಇದಕ್ಕೆ ತಕ್ಕದ್ದಲ್ಲದ ರಬ್ಬರಿನ ಕೊಳವೆಯೂ ಕಾರ್ಬ್ಯುರೇಟರಿನ ತೆಳುಪರದೆಯೂ ಉಬ್ಬಿ, ಅನಂತರ ಒಣಗಿ ಗಡುಸಾಗಿ, ಪೆಟ್ರೋಲನ್ನು ಎಳೆಯಲಾರದೆ ಹೋಗುತ್ತವೆ. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ತಿಂಗಳುಗಟ್ಟಲೆ ತೊಟ್ಟಿಯಲ್ಲಿ ಬಿಟ್ಟ ಪೆಟ್ರೋಲಿನಲ್ಲಿ ನೀರು ಮತ್ತು ಎಥನಾಲು ಬೇರ್ಪಟ್ಟು ತಳಕ್ಕಿಳಿಯುತ್ತವೆ. ಬೆರೆಸಿದ ಆಯಿಲು ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಮುಂದಿನ ಹಂಗಾಮಿನಲ್ಲಿ ಹಗ್ಗವನ್ನೆಳೆದಾಗ ಮೊದಲು ಒಳಹೋಗುವುದು ಆಯಿಲಿಲ್ಲದ ತಳದ ದ್ರವ. ಆದುದರಿಂದ ಎಣ್ಣೆ ಹೊಡೆಯುವ ಕೆಲಸವು ಮುಗಿದ ದಿನವೇ ತೊಟ್ಟಿಯನ್ನು ಬರಿದುಮಾಡಿ, ಉಳಿದದ್ದು ತೀರುವವರೆಗೆ ಇಂಜಿನನ್ನು ಓಡಿಸಿ ನಿಲ್ಲಿಸತಕ್ಕದ್ದು. ಕೊಳವೆ ಮತ್ತು ಪರದೆಗಳನ್ನು ಕೊಳ್ಳುವಾಗ ಎಥನಾಲಿಗೆ ತಾಳುವಂತಹುದೇ ಎಂದು ಕೇಳಿ ಕೊಳ್ಳಬೇಕು. ಅಂಗಡಿಯವರಿಗೆ ಆ ಮಾತೇ ಹೊಸದಾಗಿ ತೋರಿದರೆ ಬೇರೆ ಅಂಗಡಿಯನ್ನು ನೋಡುವುದು ಲೇಸು.

ಕೊಳ್ಳುವ ಕ್ರಮದ ವಿಷಯವಾಗಿ ಎರಡು ಮಾತು. ಆಮದಾದ ಪೊಟ್ಟಣದ ಮೇಲೆ ತರಿಸಿದವರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಗರಿಷ್ಠ ಬೆಲೆ ಇವು ಇರಲೇಬೇಕೆಂಬುದು ಪೊಟ್ಟಣ ಸರಕುಗಳ ೨೦೧೧ರ ನಿಯಮಗಳ ವಿಧಿ. ಇವೊಂದೂ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಟ್ಟದ್ದಕ್ಕೆ ಹೊಣೆಗಾರರೇ ಇಲ್ಲ. ಭಾಗದ ಹೆಸರನ್ನೂ ಕಂಪನಿಯ ಹೆಸರನ್ನೂ ಬರೆಯಿಸಿ ರಶೀದಿಯನ್ನು ಪಡೆಯಬೇಕು. ಬರಿಯ ಸ್ಪೇರ್ ಪಾರ್ಟು ಎಂದು ಬರೆದ ರಶೀದಿಯಿಂದ ಪ್ರಯೋಜನವು ಕಡಿಮೆ. ಮೋಸವಾದಲ್ಲಿ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗಾಗಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ದೂರವಾಣಿಯಲ್ಲಿ ವಿಚಾರಿಸುವವರಿಗೆ ೧೯೧೫ ಎಂಬ ಸಂಖ್ಯೆಯಿದೆ.

ಗ್ರಾಮದ ಮುಖಂಡರು ಮನಸ್ಸುಮಾಡಿದರೆ ಇನ್ನೊಂದು ಅನುಕೂಲವನ್ನು ಮಾಡಿಕೊಡಬಹುದು. ಒಂದೊಂದು ಊರಿನಲ್ಲಿ ಎರಡು ಮೂರು ಮಾದರಿಯ ಯಂತ್ರಗಳೇ ಹೆಚ್ಚಾಗಿರುತ್ತವೆ. ಆ ಮಾದರಿಗಳಿಗೆ ಬೇಕಾದ ಪ್ಲಗ್ಗು, ಪರದೆ, ಪೆಟ್ರೋಲು ಕೊಳವೆ, ಫಿಲ್ಟರು, ಒಂದೆರಡು ಜೊತೆ ರಿಂಗು ಇಷ್ಟನ್ನು ಒಕ್ಕಲುಗಳಿಂದ ವಂತಿಗೆಯೆತ್ತಿ ಅಸಲು ಮಾಲನ್ನೇ ತರಿಸಿ, ತೊಗರಿಯು ಮೊಗ್ಗಾಗುವ ಮುಂಚೆ ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ, ಹೂವಿನ ದಿನಗಳಲ್ಲಿ ಯಾರೂ ಕೆಲಸವನ್ನು ಬಿಟ್ಟು ನಗರಕ್ಕೆ ಓಡಬೇಕಾಗಿಲ್ಲ, ಸಿಕ್ಕಿದ್ದನ್ನು ಕೊಳ್ಳಬೇಕಾಗಿಯೂ ಇಲ್ಲ. ಕಮಲಾಪುರದ ಕಡೆ ಕೆಂಪುಬಾಳೆಯ ತೋಟಗಳಲ್ಲಿ ಸಣ್ಣ ಪಂಪುಗಳನ್ನಿಟ್ಟಿರುವವರಿಗೂ ಈ ಏರ್ಪಾಡು ಸಲ್ಲುತ್ತದೆ. ಅವರು ಪೆಟ್ಟಿಗೆಯನ್ನು ಬೇಸಗೆಗೆ ಮುಂಚೆಯೇ ತುಂಬಿಸಿಡಬೇಕು. ಪೆಟ್ಟಿಗೆಯ ಮುಚ್ಚಳದ ಒಳಗಡೆ ಯಂತ್ರದ ಮಾದರಿ, ಭಾಗದ ಅಂಕಿ, ತಂದ ಅಂಗಡಿ, ಹಾಕಿದ ದಿನ, ಕೆಟ್ಟ ದಿನ ಇವುಗಳನ್ನು ಬರೆದಿಡತಕ್ಕದ್ದು. ಎರಡು ಹಂಗಾಮು ಕಳೆಯುವುದರೊಳಗೆ ಯಾವ ಅಂಗಡಿಯ ಮಾಲು ಎಷ್ಟು ದಿನ ಬಾಳಿತೆಂಬುದು ಆ ಬರಹದಿಂದಲೇ ಊರಿಗೆ ಗೊತ್ತಾಗುತ್ತದೆ.