ಇಣುಕಿದರೆ ಕೆಡುವ ಲೆಕ್ಕಕ್ಕೆ ಹೊಸ ಭಾಷೆ

ಕಂಪ್ಯೂಟರಿಗೆ ಕೆಲಸ ಹೇಳಲು ಒಂದು ಭಾಷೆ ಬೇಕು. ಬ್ಯಾಂಕಿನ ಲೆಕ್ಕದಿಂದ ಹಿಡಿದು ರೈಲ್ವೆ ಟಿಕೆಟ್ಟಿನವರೆಗೆ ಇಂದು ಎಲ್ಲವನ್ನೂ ನಡೆಸುತ್ತಿರುವುದು ಇಂಥ ಭಾಷೆಗಳಲ್ಲಿ ಬರೆದ ಪ್ರೋಗ್ರಾಂಗಳೇ. ಈ ಭಾಷೆಗಳು ಮೂರು ಸಂಗತಿಗಳನ್ನು ಪ್ರಶ್ನಿಸದೆ ಒಪ್ಪಿಕೊಂಡಿವೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಬೇಕಾದರೂ ನಕಲು ಮಾಡಬಹುದು, ಬೇಡವಾದಾಗ ಅಳಿಸಬಹುದು, ಲೆಕ್ಕ ನಡೆಯುತ್ತಿರುವಾಗಲೇ ಇಣುಕಿ ನೋಡಬಹುದು. ಕ್ವಾಂಟಂ ಕಂಪ್ಯೂಟರಿನಲ್ಲಿ ಈ ಮೂರೂ ನಡೆಯುವುದಿಲ್ಲ. ಅಲ್ಲಿ ನಕಲು ಸಾಧ್ಯವಿಲ್ಲ, ಮನಬಂದಂತೆ ಅಳಿಸುವಂತಿಲ್ಲ, ಇಣುಕಿದರೆ ಲೆಕ್ಕವೇ ಕೆಡುತ್ತದೆ. ಇಂಥ ಯಂತ್ರಕ್ಕೆ ಕೆಲಸ ಹೇಳುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಸಂಶೋಧಕರು ಮೂರು ದಶಕಗಳನ್ನು ಕಳೆದಿದ್ದಾರೆ.

ಅಲೆಗಳ ಗಣಿತ

ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1981ರಲ್ಲಿ ಮಾಡಿದ ಒಂದು ಉಪನ್ಯಾಸವನ್ನು ಈ ಕಥೆಯ ಆರಂಭ ಎನ್ನಬಹುದು. ಪರಮಾಣುಗಳ ಲೋಕದ ವರ್ತನೆಯನ್ನು ಸಾಧಾರಣ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಹೊರಟರೆ ಕೆಲಸ ಬೆಟ್ಟದಂತೆ ಬೆಳೆಯುತ್ತದೆ. ಆ ಲೋಕದ ನಿಯಮಗಳಂತೆಯೇ ನಡೆಯುವ ಯಂತ್ರವನ್ನು ಏಕೆ ಕಟ್ಟಬಾರದು ಎಂಬುದು ಅವರ ವಾದ. 1985ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚ್ ಅಂಥ ಯಂತ್ರದ ಗಣಿತ ರೂಪವನ್ನು ಮುಂದಿಟ್ಟರು. ಈ ಯಂತ್ರಗಳಿಗೆ ಭಾಷೆ ರೂಪಿಸುವುದು ಸ್ವಾರಸ್ಯಕರ ಸಮಸ್ಯೆ ಎಂದು ಅದೇ ಪ್ರಬಂಧದಲ್ಲಿ ಸೂಚಿಸಿದರಾದರೂ ಆ ಗೋಜಿಗೆ ಹೋಗಲಿಲ್ಲ.

ಸಾಧಾರಣ ಕಂಪ್ಯೂಟರಿನ ಮೂಲ ಘಟಕ ಬಿಟ್. ಅದು 0 ಅಥವಾ 1. ಕ್ವಾಂಟಂ ಯಂತ್ರದ ಘಟಕವಾದ ಕ್ಯೂಬಿಟ್‌ನಲ್ಲಿ ಈ ಎರಡೂ ಸಾಧ್ಯತೆಗಳು ಬೆರೆತಿರುತ್ತವೆ. ಒಂದೊಂದು ಸಾಧ್ಯತೆಗೂ ಒಂದೊಂದು ಅಲೆಯ ಸ್ವಭಾವವಿರುತ್ತದೆ. ಕೆರೆಗೆ ಎರಡು ಕಲ್ಲು ಎಸೆದಾಗ ಏಳುವ ಅಲೆಗಳು ಕೆಲವೆಡೆ ಸೇರಿ ಎತ್ತರವಾಗುತ್ತವೆ, ಕೆಲವೆಡೆ ಒಂದನ್ನೊಂದು ಅಡಗಿಸುತ್ತವೆ. ತಪ್ಪು ಉತ್ತರಗಳ ಅಲೆಗಳು ಅಡಗುವಂತೆ, ಸರಿಯುತ್ತರದ ಅಲೆ ಎತ್ತರವಾಗುವಂತೆ ಲೆಕ್ಕವನ್ನು ಜೋಡಿಸುವುದೇ ಕ್ವಾಂಟಂ ಪ್ರೋಗ್ರಾಂ ಬರೆಯುವವರ ಕೆಲಸ. ಕೊನೆಯಲ್ಲಿ ಅಳೆದು ನೋಡಿದಾಗ ಒಂದೇ ಒಂದು ಉತ್ತರ ಕೈಗೆ ಸಿಗುತ್ತದೆ, ಉಳಿದ ಅಲೆಗಳು ಮಾಯವಾಗುತ್ತವೆ. ಹಾಗಾಗಿ ಅಳತೆ ಮಾಡುವ ಹೊತ್ತನ್ನು ಬಹಳ ಎಚ್ಚರದಿಂದ ಆರಿಸಬೇಕು.

'ಸಿಗುವವರೆಗೂ ಹುಡುಕು' ಎನ್ನುವಂತಿಲ್ಲ

ಭಾರತದಲ್ಲಿ ಹುಟ್ಟಿ ದೆಹಲಿ ಐಐಟಿಯಲ್ಲಿ ಓದಿದ ಲವ್ ಗ್ರೋವರ್ 1996ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದಾಗ ಕಂಡುಹಿಡಿದ ಹುಡುಕಾಟದ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಮವಿಲ್ಲದ 10 ಲಕ್ಷ ದಾಖಲೆಗಳಲ್ಲಿ ಒಂದನ್ನು ಹುಡುಕಲು ಸಾಧಾರಣ ಕಂಪ್ಯೂಟರ್ ಸರಾಸರಿ 5 ಲಕ್ಷ ಸಲ ನೋಡಬೇಕು. ಗ್ರೋವರ್ ವಿಧಾನಕ್ಕೆ ಸುಮಾರು 800 ಹೆಜ್ಜೆ ಸಾಕು.

ತೊಡಕಿರುವುದು ಹೆಜ್ಜೆ ಎಣಿಸುವುದರಲ್ಲಿ. ಸಾಧಾರಣ ಪ್ರೋಗ್ರಾಂನಲ್ಲಿ 'ಸಿಗುವವರೆಗೂ ಹುಡುಕು' ಎಂದು ಬರೆದರೆ ಮುಗಿಯಿತು. ಪ್ರತಿ ಸುತ್ತಿನಲ್ಲೂ ಯಂತ್ರ 'ಸಿಕ್ಕಿತೇ?' ಎಂದು ನೋಡಿಕೊಳ್ಳುತ್ತದೆ. ಇಲ್ಲಿ ಹಾಗೆ ನೋಡಿದ ಕ್ಷಣವೇ ಅಲೆಗಳು ಕುಸಿದು ಲೆಕ್ಕ ಮೊದಲಿಗೆ ಬರುತ್ತದೆ. ನೋಡದೆ ಸುಮ್ಮನೆ ಸುತ್ತುತ್ತ ಹೋದರೂ ಪ್ರಯೋಜನವಿಲ್ಲ. ಎತ್ತರಕ್ಕೆ ಏರಿದ್ದ ಸರಿಯುತ್ತರದ ಅಲೆ 800 ಸುತ್ತು ದಾಟಿದ ಮೇಲೆ ಮತ್ತೆ ಇಳಿಯತೊಡಗುತ್ತದೆ. ಎಷ್ಟು ಸುತ್ತು ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ಪ್ರೋಗ್ರಾಂ ಬರೆಯುವ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ಕಲಿಯುವ ಒಂದು ವಾಕ್ಯ ಇಲ್ಲಿ ನಿರುಪಯೋಗಿ.

ಸ್ಲೇಟು ಒರೆಸುವ ಕಷ್ಟ

ನಕಲಿನ ವಿಷಯವೂ ಹೀಗೆಯೇ. ಅಜ್ಞಾತ ಕ್ವಾಂಟಂ ಸ್ಥಿತಿಯೊಂದರ ಪ್ರತಿ ತೆಗೆಯಲು ಸಾಧ್ಯವೇ ಇಲ್ಲ ಎಂದು 1982ರಲ್ಲಿ ವೂಟರ್ಸ್ ಮತ್ತು ಜುರೆಕ್ ಹಾಗೂ ಪ್ರತ್ಯೇಕವಾಗಿ ಡೀಕ್ಸ್ ಸಾಧಿಸಿ ತೋರಿಸಿದರು. ಆದ್ದರಿಂದ ಕ್ಯೂಬಿಟ್ ಎಂಬುದು ಪ್ರಯಾಣದ ಟಿಕೆಟ್ಟಿನಂತೆ. ಒಮ್ಮೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಕೊಡಲಾಗದು. ಇದನ್ನು ಬರೆಯುವವರ ನೆನಪಿಗೆ ಬಿಡದೆ ಭಾಷೆಯ ವ್ಯಾಕರಣದಲ್ಲೇ ಸೇರಿಸಬೇಕು ಎಂದು ಕೆನಡಾದ ಗಣಿತಜ್ಞ ಪೀಟರ್ ಸೆಲಿಂಜರ್ 2004ರ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅವರ ಭಾಷೆಯಲ್ಲಿ ಒಂದೇ ಕ್ಯೂಬಿಟ್ಟನ್ನು ಎರಡು ಕಡೆ ಬಳಸಲು ಹೋದರೆ ಪ್ರೋಗ್ರಾಂ ಯಂತ್ರವನ್ನು ತಲುಪುವ ಮೊದಲೇ ತಿರಸ್ಕೃತವಾಗುತ್ತದೆ.

ಅಳಿಸುವುದು ಇನ್ನೂ ನಾಜೂಕಾದ ಕೆಲಸ. ಶಾಲೆಯ ಮಕ್ಕಳು ದೊಡ್ಡ ಗುಣಾಕಾರ ಮಾಡುವಾಗ 'ದಶಕ' ಅಂಕಿಗಳನ್ನು ಸ್ಲೇಟಿನ ಅಂಚಿನಲ್ಲಿ ಬರೆದುಕೊಂಡು ಆಮೇಲೆ ಒರೆಸುತ್ತಾರೆ. ಕ್ವಾಂಟಂ ಲೆಕ್ಕದಲ್ಲಿ ಹಾಗೆ ಒರೆಸಿದರೆ ಮುಖ್ಯ ಲೆಕ್ಕದ ಅಲೆಗಳೂ ಕೆಡುತ್ತವೆ. ಒರೆಸದೆ ಬಿಟ್ಟರೂ ಆ ಅಂಕಿಗಳು ಉತ್ತರದೊಡನೆ ಗಂಟುಬಿದ್ದು ಅಲೆಗಳು ಸರಿಯಾಗಿ ಕೂಡುವುದನ್ನು ತಡೆಯುತ್ತವೆ. ಉಳಿದ ದಾರಿ ಒಂದೇ: ಮಾಡಿದ ಲೆಕ್ಕವನ್ನು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಮಾಡುತ್ತ ಸ್ಲೇಟು ತಾನಾಗಿ ಖಾಲಿಯಾಗುವಂತೆ ನೋಡಿಕೊಳ್ಳುವುದು. ಐಬಿಎಂನ ಚಾರ್ಲ್ಸ್ ಬೆನೆಟ್ 1973ರಲ್ಲಿ, ಕ್ವಾಂಟಂ ಕಂಪ್ಯೂಟರಿನ ಕಲ್ಪನೆಗೂ ಮೊದಲು, ಹಿಮ್ಮುಖವಾಗಿಯೂ ನಡೆಯಬಲ್ಲ ಯಂತ್ರಗಳಿಗೆಂದು ಈ ವಿಧಾನ ಸೂಚಿಸಿದ್ದರು. ಅದನ್ನು ಕೈಯಿಂದ ಬರೆಯುವುದು ಬೇಸರದ ಕೆಲಸ. ಮರೆತರೆ ಉತ್ತರ ತಪ್ಪು. ಸ್ವಿಟ್ಜರ್ಲೆಂಡಿನ ಜೂರಿಕ್ ತಾಂತ್ರಿಕ ವಿದ್ಯಾಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ 'ಸಿಲ್ಕ್' ಭಾಷೆ ಸ್ಲೇಟು ಒರೆಸುವ ಈ ಹೊಣೆಯನ್ನು ತಾನೇ ವಹಿಸಿಕೊಳ್ಳುತ್ತದೆ.

ಸ್ವರಲಿಪಿಯಿಂದ ವಾಕ್ಯದತ್ತ

ಯಂತ್ರ ಸಿದ್ಧವಾಗುವ ಮೊದಲೇ ಭಾಷೆ ಹುಟ್ಟಿದ್ದು ಈ ಇತಿಹಾಸದ ವಿಶೇಷ. 1996ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಇಮ್ಯಾನುಯೆಲ್ ನಿಲ್ ಕ್ವಾಂಟಂ ಲೆಕ್ಕಗಳನ್ನು ಬರೆದಿಡಲು ಕೆಲವು ಸಂಪ್ರದಾಯಗಳನ್ನು ಸೂಚಿಸಿದರು. ಸಾಧಾರಣ ಕಂಪ್ಯೂಟರ್ ಯಜಮಾನನಾಗಿ ನಿಂತು ಕ್ವಾಂಟಂ ಯಂತ್ರಕ್ಕೆ ಆದೇಶ ಕೊಡುತ್ತ, ಬಂದ ಉತ್ತರವನ್ನು ಓದಿಕೊಳ್ಳುವ ಏರ್ಪಾಡು ಅವರದು. ಎರಡು ವರ್ಷಗಳ ನಂತರ ವಿಯೆನ್ನಾದ ಬರ್ನ್‌ಹಾರ್ಡ್ ಓಮರ್ 'ಕ್ಯೂಸಿಎಲ್' ಎಂಬ ಭಾಷೆಯನ್ನು ರಚಿಸಿದರು. ಅದನ್ನು ಓಡಿಸಲು ತಕ್ಕ ಯಂತ್ರವಿಲ್ಲದ್ದರಿಂದ ಸಾಧಾರಣ ಕಂಪ್ಯೂಟರಿನಲ್ಲೇ ಅನುಕರಿಸಿ ನೋಡಬೇಕಾಗಿತ್ತು.

ಐಬಿಎಂ ಸಂಸ್ಥೆ 2016ರಲ್ಲಿ 5 ಕ್ಯೂಬಿಟ್‌ಗಳ ಯಂತ್ರವೊಂದನ್ನು ಅಂತರ್ಜಾಲದ ಮೂಲಕ ಸಾರ್ವಜನಿಕರಿಗೆ ತೆರೆದ ಮೇಲೆ ಚಿತ್ರ ಬದಲಾಯಿತು. ಐಬಿಎಂನ ಕಿಸ್ಕಿಟ್ ಮತ್ತು ಮೈಕ್ರೋಸಾಫ್ಟಿನ ಕ್ಯೂ ಶಾರ್ಪ್ 2017ರಲ್ಲಿ, ಗೂಗಲ್ಲಿನ ಸರ್ಕ್ 2018ರಲ್ಲಿ ಬಂದವು. ಕಿಸ್ಕಿಟ್, ಸರ್ಕ್‌ಗಳಲ್ಲಿ ಬರೆಯುವವರು ಹೆಚ್ಚಾಗಿ ಯಾವ ಕ್ಯೂಬಿಟ್ ಮೇಲೆ ಯಾವ ಕ್ರಿಯೆ ಎಂದು ಒಂದೊಂದಾಗಿ ಹೇಳುತ್ತಾರೆ. ಸಾಲುಗಳ ಮೇಲೆ ಚಿಹ್ನೆ ಇಡುವ ಈ ರೀತಿ ಸಂಗೀತದ ಸ್ವರಲಿಪಿಯನ್ನು ನೆನಪಿಸುತ್ತದೆ. ಹತ್ತಾರು ಕ್ರಿಯೆಗಳಿಗೆ ಇದು ಸಾಕು. ಆದರೆ ನಿಜವಾಗಿ ಉಪಯೋಗಕ್ಕೆ ಬರುವ ಲೆಕ್ಕಗಳ ಗಾತ್ರವೇ ಬೇರೆ. ಸೆಲಿಂಜರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ 'ಕ್ವಿಪ್ಪರ್' ಭಾಷೆಯಲ್ಲಿ ಒಂದು ಲೆಕ್ಕವನ್ನು ಬರೆದು ಬಿಡಿಸಿದಾಗ 30 ಲಕ್ಷ ಕೋಟಿಗೂ ಹೆಚ್ಚು ಕ್ರಿಯೆಗಳಾದವು. ಅಷ್ಟನ್ನು ಕೈಯಿಂದ ಬರೆಯುವವರು ಯಾರು?

ಇಲ್ಲಿಯೇ ಕಂಪೈಲರ್ ಎಂಬ ಭಾಷಾಂತರಕಾರನ ಪಾತ್ರ ಬರುತ್ತದೆ. ಬರೆದ ವಾಕ್ಯಗಳನ್ನು ಅದು ಯಂತ್ರದ ಕ್ರಿಯೆಗಳಿಗೆ ಇಳಿಸುತ್ತದೆ. ಅನೇಕ ಯಂತ್ರಗಳಲ್ಲಿ ಒಂದು ಕ್ಯೂಬಿಟ್ ಅಕ್ಕಪಕ್ಕದವುಗಳೊಡನೆ ಮಾತ್ರ ವ್ಯವಹರಿಸಬಲ್ಲದು. ದೂರದ ಎರಡನ್ನು ಕೂಡಿಸಬೇಕಾದರೆ ನಡುವಿನವುಗಳ ಜಾಗ ಅದಲುಬದಲು ಮಾಡಬೇಕು. ಅಂಥ ಒಂದು ಅದಲುಬದಲಿಗೆ ಸಾಮಾನ್ಯವಾಗಿ ಮೂರು ಜೋಡಿ ಕ್ರಿಯೆಗಳು ಬೇಕು, ಪ್ರತಿಯೊಂದರಲ್ಲೂ ತಪ್ಪಾಗುವ ಸಂಭವವಿದೆ. ಕಂಪೈಲರ್ ಜಾಣನಾದಷ್ಟೂ ಸುತ್ತುಬಳಸು ಕಡಿಮೆ, ತಪ್ಪೂ ಕಡಿಮೆ.

ತಪ್ಪು ಹುಡುಕುವುದಕ್ಕಿಂತ ತಡೆಯುವುದು ಲೇಸು

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಒಳಗೆ ಇಣುಕಲಾಗದ ಪ್ರೋಗ್ರಾಂ ಸರಿಯಾಗಿದೆ ಎಂದು ನಂಬುವುದು ಹೇಗೆ? ಚಿಕ್ಕ ಪ್ರೋಗ್ರಾಂಗಳನ್ನು ಸಾಧಾರಣ ಕಂಪ್ಯೂಟರಿನಲ್ಲಿ ಅನುಕರಿಸಿ ಪರೀಕ್ಷಿಸಬಹುದು. ಆದರೆ ಒಂದೊಂದು ಕ್ಯೂಬಿಟ್ ಹೆಚ್ಚಿದಂತೆ ಬೇಕಾಗುವ ನೆನಪಿನ ಜಾಗ ಇಮ್ಮಡಿಯಾಗುತ್ತದೆ. 300 ಕ್ಯೂಬಿಟ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು ಬೇಕಾಗುವ ಸಂಖ್ಯೆಗಳು ಕಾಣುವ ವಿಶ್ವದ ಪರಮಾಣುಗಳಿಗಿಂತ ಹೆಚ್ಚು. ಹೀಗಾಗಿ ತಪ್ಪು ಬರೆಯಲು ಬಿಡದ ವ್ಯಾಕರಣ, ಓಡಿಸುವ ಮುನ್ನವೇ ಗಣಿತದ ಸಾಧನೆ, ಇವೇ ಭರವಸೆ.

ಇದರಿಂದ ಜನಸಾಮಾನ್ಯರಿಗೇನು ಎಂದು ಕೇಳಬಹುದು. ಅಂತರ್ಜಾಲದ ಹಣಕಾಸು ವ್ಯವಹಾರಗಳನ್ನು ಕಾಯುವ ಗೂಢಲಿಪಿಗಳಲ್ಲಿ ಕೆಲವು, ದೊಡ್ಡ ಸಂಖ್ಯೆಗಳ ಅಪವರ್ತನ ಕಷ್ಟ ಎಂಬುದನ್ನೇ ನಂಬಿವೆ. ಬೆಲ್ ಪ್ರಯೋಗಾಲಯದ ಪೀಟರ್ ಶೋರ್ 1994ರಲ್ಲಿ ಕ್ವಾಂಟಂ ಯಂತ್ರಕ್ಕೆ ಅದು ಕಷ್ಟವಲ್ಲ ಎಂದು ತೋರಿಸಿದರು. ಅಂಥ ಒಂದು 2048 ಬಿಟ್‌ಗಳ ಬೀಗ ಒಡೆಯಲು 2 ಕೋಟಿ ಕ್ಯೂಬಿಟ್ ಮತ್ತು 8 ಗಂಟೆ ಬೇಕು ಎಂದು 2019ರಲ್ಲಿ ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೋ ಅಂದಾಜಿಸಿದ್ದರು. 2025ರಲ್ಲಿ ಗಿಡ್ನಿಯವರ ಹೊಸ ಅಂದಾಜು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರಕ್ಕಿಂತ ಕಡಿಮೆ ಕಾಲ. ಐಬಿಎಂ 2023ರಲ್ಲಿ ಪ್ರಕಟಿಸಿದ ಕಾಂಡಾರ್ ಚಿಪ್ಪಿನಲ್ಲಿದ್ದದ್ದು 1,121 ಕ್ಯೂಬಿಟ್. ಎಂದರೆ ಗುರಿ ಇನ್ನೂ ದೂರವೇ. ಆದರೆ ಗಮನಿಸಬೇಕಾದ ಮಾತು ಬೇರೆ. ಎರಡು ಅಂದಾಜುಗಳಲ್ಲೂ ಯಂತ್ರದ ಗುಣಮಟ್ಟ ಒಂದೇ ಎಂದು ಇಟ್ಟುಕೊಳ್ಳಲಾಗಿದೆ. ಬದಲಾದದ್ದು ಲೆಕ್ಕವನ್ನು ಜೋಡಿಸುವ ರೀತಿ. ಅಮೆರಿಕದ ಮಾನಕ ಸಂಸ್ಥೆ 2024ರಲ್ಲೇ ಹೊಸ ಬಗೆಯ ಗೂಢಲಿಪಿಗಳಿಗೆ ಮಾನಕ ಹೊರಡಿಸಿದ್ದು ಅವಸರದ ಕ್ರಮವೇನಲ್ಲ.

ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ ₹6,003.65 ಕೋಟಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಯಂತ್ರ ಕಟ್ಟುವ ಸುದ್ದಿಗಳು ಮುಖಪುಟಕ್ಕೆ ಬರುತ್ತವೆ. ಆದರೆ 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಹೊರತಂದಾಗ, ವಿಜ್ಞಾನಿಗಳು ಯಂತ್ರದ ಸಂಕೇತಗಳನ್ನು ಬಿಟ್ಟು ತಮ್ಮ ಸೂತ್ರಗಳಲ್ಲೇ ಯೋಚಿಸಲು ಸಾಧ್ಯವಾಯಿತು. ಕಂಪ್ಯೂಟರ್ ಹೆಚ್ಚು ಜನರ ಕೈಗೆ ಬಂದದ್ದು ಆಮೇಲೆ. ಕ್ವಾಂಟಂ ಯಂತ್ರದ ಫೋರ್ಟ್ರಾನ್ ಇನ್ನೂ ಬರಬೇಕಾಗಿದೆ.